ನರಿ ಒಯ್ದ ಮೆಟ್ಟು

ಬೇರೆ ಊರುಗಳಲ್ಲಿ ಯಾರಿಗಾದರೂ ಅದೃಷ್ಟ ಒಲಿದರೆ "ಇವತ್ತು ನರಿ ಮುಖ ನೋಡಿ ಎದ್ದಿದ್ದೀಯಾ" ಎನ್ನುತ್ತಾರಂತೆ. ನಮ್ಮೂರಲ್ಲಿ ಆ ಮಾತು ನಡೆಯುವುದಿಲ್ಲ. ಇಲ್ಲಿ ಬಾಗಿಲು ತೆಗೆದವರೆಲ್ಲ ಮೊದಲು ನೋಡುವುದು ನರಿಯ ಮುಖವನ್ನೇ. ಅದೃಷ್ಟ ಮಾತ್ರ ಎಲ್ಲರಿಗೂ ಬಂದದ್ದನ್ನು ನಾನು ಕಾಣೆ. ಮುಚ್ಚಿಹೋದ ಟಾಕೀಸಿನ ಪರದೆಯ ಹಿಂದೆ ಅವುಗಳ ಸಂಸಾರ. ಬಸ್ ನಿಲ್ದಾಣದ ಬೆಂಚಿನ ಕೆಳಗೆ, ಗಿರಣಿಯ ಹಿಂದಿನ ಹೊಟ್ಟಿನ ರಾಶಿಯ ಮೇಲೆ, ಒಡೆದ ಚರಂಡಿ ಕೊಳವೆಯೊಳಗೆ ಮೈ ಸುತ್ತಿಕೊಂಡು ಮಲಗಿರುತ್ತವೆ. ಕೂಸಿರುವವರು ತೊಟ್ಟಿಲನ್ನು ಎದೆಯೆತ್ತರಕ್ಕೆ ಕಟ್ಟುತ್ತಾರೆ. ಕೋಳಿ ಸಾಕುತ್ತಿದ್ದವರು ಬಿಟ್ಟುಬಿಟ್ಟಿದ್ದಾರೆ. ಹಾಲಿನವನು ಪಾತ್ರೆಯ ಮುಚ್ಚಳದ ಮೇಲೆ ಕಲ್ಲು ಹೇರಿಟ್ಟು ಹೋಗುತ್ತಾನೆ. ದಾರಿಯಲ್ಲಿ ನರಿ ಎದುರಾದರೆ ನಾವು ಎಡಕ್ಕೆ ಸರಿಯುತ್ತೇವೆ, ಅದೂ ತನ್ನ ಎಡಕ್ಕೆ ಸರಿದು ಹೋಗುತ್ತದೆ.

ವರ್ಷಕ್ಕೊಮ್ಮೆ, ಹುಣಸೆಹಣ್ಣು ಬಡಿದು ಮುಗಿದ ಮೇಲೆ, ಮೆಟ್ಟು ಬಿಡುವ ದಿನ ಬರುತ್ತದೆ. ಆ ಸಂಜೆ ಪ್ರತಿ ಕೇರಿಯಲ್ಲೂ ದೊಡ್ಡವರೆಲ್ಲ ತಮ್ಮ ಮೆಟ್ಟುಗಳನ್ನು ಬೀದಿಯ ನಡುವೆ ಸಾಲಾಗಿ ಬಿಟ್ಟು, ಮನೆಯೊಳಗೆ ಹೋಗಿ ಕಿಟಕಿಯಲ್ಲಿ ನಿಲ್ಲುತ್ತಾರೆ. ನರಿಯೊಂದು ಬಂದು ಸಾಲನ್ನು ಮೂಸಿ, ಒಂದೇ ಒಂದು ಮೆಟ್ಟನ್ನು ಕಚ್ಚಿಕೊಂಡು ಹೋಗುತ್ತದೆ. ಯಾರ ಮೆಟ್ಟು ಹೋಯಿತೋ ಅವರೇ ಆ ವರ್ಷ ಕೇರಿಯ ಒಂಟಿಮೆಟ್ಟು. ಉಳಿದದ್ದೊಂದನ್ನೇ ಹಾಕಿಕೊಂಡು, ಇನ್ನೊಂದು ಕಾಲು ಬರಿದಾಗಿ, ವರ್ಷವಿಡೀ ತಿರುಗಬೇಕು. ಕೇರಿಯಲ್ಲಿ ಏನೇ ತಕರಾರು ಬರಲಿ, ಅವರು ಹೇಳಿದ್ದೇ ಕೊನೆ. ಕಾರಣ ಕೇಳುವಂತಿಲ್ಲ. ಗಂಡಸು ಹೆಂಗಸು, ಓದಿದವರು ಓದದವರು ಎಂಬ ಭೇದ ನರಿಗಿಲ್ಲ. ಒಂದು ಸಲ ಕುಡಿದು ಬೀಳುತ್ತಿದ್ದ ಬೋರ್ಡು ಬರೆಯುವವನೊಬ್ಬನ ಮೆಟ್ಟು ಹೋಯಿತು. ಅವನು ಆ ವರ್ಷವೆಲ್ಲ ಒಂದು ತೊಟ್ಟೂ ಮುಟ್ಟದೆ ಕೂತು ನ್ಯಾಯ ಹೇಳಿದ. ಮರುವರ್ಷ ಹೊಸ ಜೋಡಿ ಕೊಂಡ ದಿನವೇ ಮತ್ತೆ ಶುರುಮಾಡಿದ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೆಸರು ನಿಂಗಿ. ಅಂದಿನಿಂದ ಅವ್ವನ ಒಣಮೀನಿನ ಅಂಗಡಿಯಲ್ಲಿ ಬುಟ್ಟಿಗಳ ಹಿಂದೆ, ಗಿರಾಕಿಗಳ ಕಣ್ಣಿಗೆ ಅಷ್ಟಾಗಿ ಬೀಳದಂತೆ ಕೂತಿರುತ್ತೇನೆ. ನಾಲ್ಕು ಜನರ ಮುಂದೆ ನನಗೆ ಬಾಯಿ ಬರುವುದಿಲ್ಲ. ಕಣ್ಣಿಗೆ ಆ ನಾಚಿಕೆ ಇಲ್ಲ. ಅವ್ವ ಚೌಡಮ್ಮನ ಬಾಯಿ ಇಬ್ಬರಿಗೂ ಸಾಕಾಗಿ ಮಿಗುತ್ತದೆ.

ಮೆಟ್ಟು ಬಿಡುವ ದಿನ ಹತ್ತಿರವಾದಂತೆ, ಮೀನು ತಿನ್ನದವರೂ ನಮ್ಮ ಅಂಗಡಿಗೆ ಬರುತ್ತಿದ್ದರು. ಗಿರಣಿ ಗುರುಶಾಂತಪ್ಪನವರು ಒಂದು ಸಂಜೆ ಮೂಗಿಗೆ ಟವೆಲ್ಲು ಒತ್ತಿಕೊಂಡು ಬಂದು ನಿಂತರು.

"ಚೌಡಮ್ಮ, ಒಂದಿಷ್ಟು ಮೀನಿನ ತಲೆ ಕಟ್ಟು. ಬೆಕ್ಕಿಗೆ."

"ನಿಮ್ಮನೇಲಿ ಬೆಕ್ಕೈತಾ ಯಜಮಾನ್ರೇ?"

"ತರಬೇಕು ಅಂತ ಐತೆ."

"ಹಂಗಾ. ಮೊದ್ಲು ಊಟ, ಆಮೇಲೆ ನೆಂಟರು," ಎಂದು ಅವ್ವ ನಗದೆ ಕಟ್ಟಿಕೊಟ್ಟಳು.

ಸೈಕಲ್ ಶಾಪಿನ ಸ್ವಾಮಣ್ಣನೂ ಬಂದ. ಅವನು ಮೀನು ತಿನ್ನುವವನೇ. ಆದರೆ ಆ ವಾರ ಅವನು ಕೇಳಿದ್ದು ಕುಟ್ಟಿದ ಪುಡಿ. ಗಿರಣಿಯ ಕಿಟಕಿಯಿಂದ ಹಿಟ್ಟಿನ ದೂಳು ಹಾರಿ ಅವನ ಅಂಗಡಿಯ ಚೈನು, ಪೆಡಲುಗಳ ಮೇಲೆಲ್ಲ ಕೂರುತ್ತಿತ್ತು. ತಾನು ಒಂಟಿಮೆಟ್ಟಾದರೆ ಆ ಕಿಟಕಿ ಮುಚ್ಚಿಸಬೇಕೆಂದು ಅವನ ಆಸೆ. ಅದು ತೆರೆದೇ ಇರಬೇಕೆಂದು ಗುರುಶಾಂತಪ್ಪನವರ ಆಸೆ. ಹೀಗೆ ಕೇರಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಿಟಕಿ. ಆ ದಿನಕ್ಕೆಂದೇ ಹೊಸ ಜೋಡಿ ಹೊಲಿಸುವುದು, ಗುಟ್ಟಾಗಿ ಒಳಅಟ್ಟೆಯನ್ನು ಬಿಚ್ಚಿ ಅಡಿಯಲ್ಲಿ ಮೀನಿನ ಪುಡಿ ಹರಡುವುದು, ಮೇಲೆ ಅಂಟು ಹಚ್ಚಿ ಒತ್ತುವುದು. ಆ ದಿನಕ್ಕೆ ಹೊಲಿಸಿದ ಹೊಸ ಜೋಡಿಗೆ ನರಿಮೆಟ್ಟು ಎಂದು ಹೆಸರು ಬೇರೆ. ಕೇರಿಯಲ್ಲಿ ಎಲ್ಲರೂ ಪುಡಿ ತುಂಬುತ್ತಿದ್ದರು. ಎಲ್ಲರೂ ತಾನೊಬ್ಬನೇ ತುಂಬಿದ್ದು ಅಂದುಕೊಂಡಿದ್ದರು.

ನನ್ನದು ಹಳೆಯ ಮೆಟ್ಟು. ಇಡದೆ ಇರುವಂತಿಲ್ಲ ಎಂದು ಸಾಲಿನ ತುದಿಯಲ್ಲಿ ಇಟ್ಟುಬಂದಿದ್ದೆ. ಈ ಸಲ ಬಂದ ಹೆಣ್ಣುನರಿ ಹೊಸ ಜೋಡಿಗಳನ್ನು ಒಂದೊಂದಾಗಿ ಮೂಸುತ್ತ ನಡೆಯಿತು. ಸಾಲಿಗೆ ಸಾಲೇ ಮೀನು ನಾರುತ್ತಿದ್ದರೆ ಪಾಪ ಅದಾದರೂ ಏನು ಆರಿಸೀತು. ಎರಡು ಸಲ ಸೀನಿ, ತುದಿಗೆ ಬಂದು, ನನ್ನ ಎಡಗಾಲಿನ ಮೆಟ್ಟನ್ನು ಕಚ್ಚಿಕೊಂಡು ಟಾಕೀಸಿನ ಕಡೆಗೆ ಹೊರಟುಹೋಯಿತು. ಎದುರುಮನೆ ಕಿಟಕಿಯಿಂದ ಗುರುಶಾಂತಪ್ಪನವರು, "ಒಣಮೀನಿನ ಮನೆಯವಳದ್ದು ಬಿಟ್ಟು ಅದು ಇನ್ನೇನು ಹೂವಿನಂಗಡಿಯವಳದ್ದು ಒಯ್ದೀತಾ," ಎಂದರು, ಎಲ್ಲರಿಗೂ ಕೇಳುವಂತೆ.

"ನಿಮ್ಮ ಬೆಕ್ಕು ಹೆಂಗೈತೆ ಯಜಮಾನ್ರೇ?" ಎಂದಳು ಅವ್ವ. ಆ ಕಿಟಕಿ ಮುಚ್ಚಿಕೊಂಡಿತು.

ಮೊದಮೊದಲು ನನ್ನ ಮುಂದೆ ಬಂದವು ಸಣ್ಣಪುಟ್ಟ ಜಗಳಗಳು. ನಾನು ಅವ್ವನ ಕಿವಿಯಲ್ಲಿ ಹೇಳುತ್ತಿದ್ದೆ, ಅವ್ವ ಕೇರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಗಿರಣಿಯ ಕಿಟಕಿಗೆ ಒದ್ದೆ ಗೋಣಿತಾಟು ಇಳಿಬಿಡಬೇಕೆಂದು ಹೇಳಿದೆ. ದೂಳು ಅರ್ಧ ಕಡಿಮೆಯಾಯಿತು, ಗಾಳಿಯೂ ಅರ್ಧ ಕಡಿಮೆಯಾಯಿತು, ಇಬ್ಬರೂ ಸಮನಾಗಿ ಗೊಣಗಿದರು. ಸರಿಯಾಗಿಯೇ ಹೇಳಿದ್ದೇನೆಂದು ಅದರಿಂದ ನನಗೆ ಧೈರ್ಯ ಬಂತು. ಬರಿಗಾಲು ನೆಲದ ಬಿಸಿಗೂ ಕಲ್ಲಿಗೂ ಒಗ್ಗಿಕೊಂಡಿತು.

ನರಿ ಒಯ್ಯದೆ ಬಿಟ್ಟ ನರಿಮೆಟ್ಟುಗಳನ್ನು ಜನ ಎಸೆಯಲಿಲ್ಲ. ಹೊಸ ಚರ್ಮ, ಒಳ್ಳೆಯ ಹೊಲಿಗೆ, ಯಾಕೆ ಹಾಳುಮಾಡುವುದೆಂದು ದಿನಬಳಕೆಗೆ ಹಾಕಿಕೊಂಡು ತಿರುಗತೊಡಗಿದರು. ನಡೆದಂತೆಲ್ಲ ಕಾಲಿನ ಬೆವರಿಗೆ ಪುಡಿ ನೆನೆದು ವಾಸನೆ ಅಟ್ಟೆಯಿಂದ ಮೇಲೇರಿತು. ನನ್ನಂಥವಳ ಮೂಗಿಗೆ ಅದು ಹೊಸತಲ್ಲ. ನರಿಗಳೂ ಎಡಕ್ಕೆ ಸರಿದು ಹೋಗುವುದನ್ನು ಬಿಟ್ಟು, ಜನರ ಹಿಂದೆ ಹಿಂದೆ ಮೂತಿ ತಗ್ಗಿಸಿ ಬರತೊಡಗಿದವು.

ಮೊದಲು ಕಚ್ಚಿಸಿಕೊಂಡವನು ಟೇಲರ್ ಹಯಾತಣ್ಣ. ಮಧ್ಯಾಹ್ನ ಹೊಲಿಗೆ ಯಂತ್ರದ ಪೆಡಲಿನ ಮೇಲೆ ಮೆಟ್ಟಿನ ಕಾಲಿಟ್ಟುಕೊಂಡೇ ತೂಕಡಿಸುತ್ತಿದ್ದಾಗ, ನರಿಯೊಂದು ಯಂತ್ರದ ಅಡಿಗೆ ನುಗ್ಗಿ ಹೆಬ್ಬೆರಳು ಹಿಡಿಯಿತು. ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದವನನ್ನು ಕೇರಿ ಸುತ್ತುವರಿಯಿತು. "ಅಳತೆ ತಗೊಳ್ಳೋಕೆ ಬಂದಿತ್ತು ಕಣ್ರೋ," ಎಂದ ಹಯಾತಣ್ಣ. "ಪ್ಯಾಂಟು ಉದ್ದ ಆಯ್ತಂತೆ." ಜನ ನಕ್ಕರು. ನಾನು ಮಾತ್ರ ಅವನು ಬಾಗಿಲಲ್ಲಿ ಬಿಟ್ಟಿದ್ದ ಮೆಟ್ಟಿನ ಕಡೆ ನೋಡಿದೆ. ಮೇಲ್ಪಟ್ಟಿ ಹರಿದಿರಲಿಲ್ಲ. ಅಟ್ಟೆಯ ಮೂಲೆ ಮಾತ್ರ ನೆಕ್ಕಿ ನೆಕ್ಕಿ ಬೆಳ್ಳಗಾಗಿತ್ತು.

ಆ ನಗು ಬಹಳ ದಿನ ಉಳಿಯಲಿಲ್ಲ. ಸ್ವಾಮಣ್ಣನ ಮಗಳು ಜಾನಕಿಗೆ ಇನ್ನೂ ಮೂರು ತುಂಬಿಲ್ಲ. ಒಂದು ಬೆಳಿಗ್ಗೆ ಅಪ್ಪನ ನರಿಮೆಟ್ಟಿನೊಳಗೆ ತನ್ನ ಪುಟ್ಟ ಕಾಲುಗಳನ್ನು ತೂರಿಸಿಕೊಂಡು, ಅಂಗಡಿಯ ಮೆಟ್ಟಿಲ ಮೇಲೆ ಅಪ್ಪನ ಹಾಗೆಯೇ ಕಾಲು ಚಾಚಿ ಕೂತಿತ್ತು. ನಾನು ಬುಟ್ಟಿ ಹೊತ್ತು ಆ ಕಡೆಯಿಂದಲೇ ಬರುತ್ತಿದ್ದೆ. ಚರಂಡಿಯಿಂದ ಎದ್ದು ಬಂದ ನರಿ ಮೆಟ್ಟಿನ ಹಿಂಭಾಗಕ್ಕೆ ಬಾಯಿ ಹಾಕಿತು. ಮಗುವಿನ ಹಿಮ್ಮಡಿಯೂ ಆ ಬಾಯಿಯೊಳಗೇ ಸಿಕ್ಕಿತು. ಅದು ಎಳೆದ ರಭಸಕ್ಕೆ ಮಗು ಮೆಟ್ಟಿಲಿಂದ ಜಾರಿ ಬೀದಿಗೆ ಬಂತು. ನಾನು ಬುಟ್ಟಿ ಎಸೆದು ಕಿರುಚಿದೆ. ಕೇರಿಯವರು ನನ್ನ ದನಿಯನ್ನು ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು. ಸ್ವಾಮಣ್ಣ ನಟ್ಟು ಬಿಚ್ಚುವ ಪಾನಾ ಹಿಡಿದು ಓಡಿಬಂದ. ನರಿ ಕಾಲು ಬಿಟ್ಟಿತು. ಮೆಟ್ಟು ಬಿಡಲಿಲ್ಲ. ದೂರವೂ ಓಡಲಿಲ್ಲ. ಡಾಂಬರು ಡ್ರಮ್ಮಿನ ಮರೆಯಲ್ಲಿ ಕೂತು, ಮುಂಗಾಲಲ್ಲಿ ಮೆಟ್ಟನ್ನು ಅದುಮಿ, ಒಳಅಟ್ಟೆಯನ್ನು ಕಿತ್ತು ಅಡಿಯಲ್ಲಿದ್ದುದನ್ನು ನೆಕ್ಕಿತು. ಇತ್ತ ಮಗು ಅಳುತ್ತಿದ್ದರೆ ಅದು ಒಮ್ಮೆಯೂ ತಿರುಗಿ ನೋಡಲಿಲ್ಲ. ಆ ಗಲಾಟೆಯಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲಿತ್ತು. ಡ್ರಮ್ಮಿನ ಹಿಂದೆ ನೋಡಿದವಳು ನಾನೊಬ್ಬಳೇ.

ಸ್ವಾಮಣ್ಣನ ಹೆಂಡತಿ ರತ್ನಕ್ಕ ಒಂದು ಮಾತೂ ಆಡದೆ ಮಗುವಿನ ಕಾಲನ್ನು ನಲ್ಲಿಯ ಕೆಳಗೆ ಹಿಡಿದು, ಸಾಬೂನು ಹಾಕಿ ತೊಳೆದು, ಸೆರಗು ಸುತ್ತಿ ಆಸ್ಪತ್ರೆಗೆ ಓಡಿದಳು. ಹೊಲಿಗೆ ಬಿದ್ದವು, ಇಂಜೆಕ್ಷನ್ ಶುರುವಾದವು. ನರ ಒಂದು ಕೂದಲೆಳೆಯಲ್ಲಿ ಉಳಿಯಿತೆಂದು ಡಾಕ್ಟರಮ್ಮ ಹೇಳಿದರಂತೆ. ಸಂಜೆಯ ಹೊತ್ತಿಗೆ ಸ್ವಾಮಣ್ಣನ ಅಂಗಡಿಯಲ್ಲಿ ಒಂದು ಪೊಟ್ಟಣ ಬಂದು ಕೂತಿತ್ತು, ಇಲಿ ಪಾಷಾಣದ್ದು. ಅದನ್ನು ಕುರಿಯ ಕರುಳಿಗೆ ತುಂಬಿ ಟಾಕೀಸಿನ ಒಳಗೆಲ್ಲ ಎಸೆಯಬೇಕು, ಮರಿಯೂ ಉಳಿಯಬಾರದು ಎಂದು ಅವನ ಹಟ. ಕೇರಿಯ ಮುಕ್ಕಾಲು ಪಾಲು ಅವನ ಹಿಂದಿತ್ತು. ಆದರೆ ಒಂಟಿಮೆಟ್ಟು ಹೂಂ ಅನ್ನದೆ ಯಾರೂ ಪೊಟ್ಟಣ ಬಿಚ್ಚುವಂತಿರಲಿಲ್ಲ. ಮರುದಿನ ಗಿರಣಿಯ ಅಂಗಳದಲ್ಲಿ ಸೇರುವುದೆಂದಾಯಿತು.

ಒಲೆಯ ಮುಂದೆ ಕೂತು ಅವ್ವನಿಗೆ ಎಲ್ಲ ಹೇಳಿದೆ. ಮೆಟ್ಟು, ಅಟ್ಟೆ, ಡ್ರಮ್ಮಿನ ಮರೆಯಲ್ಲಿ ಕಂಡದ್ದು. ಅವ್ವ ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿದಳು.

"ಗೊತ್ತಿತ್ತು ಕಣೇ ನಂಗೂ, ಅರ್ಧ. ಮಾರೋವಳು ನಾನೇ ಅಲ್ವಾ," ಎಂದಳು. "ಹೇಳಿಬಿಡು ಎಲ್ಲಾರ ಮುಂದೆ. ನಮ್ಮ ಯಾಪಾರ ಬಿದ್ದೋದ್ರೆ ಬೀಳಲಿ."

"ಯಾಪಾರ ಅಲ್ಲವ್ವ. ಸ್ವಾಮಣ್ಣ."

ಅವ್ವ ಒಲೆಯ ಸೌದೆಯನ್ನು ಹಿಂದಕ್ಕೆಳೆದಳು. "ಅದೂ ಸರಿಯೇ. ನಿನ್ ಮಗಳ ಕಾಲು ಕೊಟ್ಟಿದ್ದು ನೀನೇ ಅಂತ ಊರ ಮುಂದೆ ಅಂದ್ರೆ, ಆ ಮನುಷ್ಯ ಆಮೇಲೆ ಆ ಮಗಾನ ಎತ್ಕಳ್ಳೋದು ಹೆಂಗೆ?"

"ಹೇಳದೆ ಹೋದ್ರೆ ನರಿಗೆ ವಿಷ ಹಾಕ್ತಾರೆ. ಸುಮ್ಮನೆ ಬೇಡ ಅಂದ್ರೆ ಪುಡಿ ಹಂಗೇ ಇರ್ತದೆ. ನಾಳೆ ಇನ್ನೊಂದು ಕೂಸು."

"ಮತ್ತೆ ಏನ್ ಮಾಡ್ತೀಯಾ?"

"ಉಣ್ಣಾಕೆ ಇಕ್ಕವ್ವ. ನೋಡಾನ," ಎಂದೆ.

ಮರುದಿನ ಕರೆಂಟು ಹೋಗಿ ಗಿರಣಿ ಸುಮ್ಮನಿತ್ತು. ಅಂಗಳ ತುಂಬಿತ್ತು. ಸ್ವಾಮಣ್ಣ ಮುಂದಿನ ಕಲ್ಲಿನ ಮೇಲೆ, ಬ್ಯಾಂಡೇಜು ಸುತ್ತಿದ ಜಾನಕಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅವನ ಅಂಗಿಯ ಜೇಬು ಪೊಟ್ಟಣದಿಂದ ಉಬ್ಬಿತ್ತು. ಮಗು ಅವನ ಅಂಗಿಯ ಗುಂಡಿ ತಿರುಗಿಸುತ್ತ ಕೂತಿತ್ತು.

"ನಾನೇನು ಜಾಸ್ತಿ ಮಾತಾಡಲ್ಲ," ಎಂದ ಅವನು. "ನಮ್ಮಪ್ಪನ ಕಾಲದಿಂದ ಅವಕ್ಕೆ ದಾರಿ ಬಿಟ್ಕೊಟ್ಟು ಬಂದಿದೀವಿ. ಇವತ್ತು ಹಿಮ್ಮಡಿಗೆ ಬಂದವೆ, ನಾಳೆ ಕುತ್ತಿಗೆಗೆ ಬತ್ತವೆ. ಇದ್ರ ಕಾಲು ನೋಡಿ, ಆಮೇಲೆ ಹೇಳು ನಿಂಗಿ. ಹೂಂ ಅನ್ನು, ಸಾಕು."

"ಅವನು ಹೇಳೋದ್ರಲ್ಲಿ ತಪ್ಪಿಲ್ಲ," ಎಂದರು ಗುರುಶಾಂತಪ್ಪನವರು. ಸ್ವಾಮಣ್ಣನ ಮಾತಿಗೆ ಅವರು ಒಪ್ಪಿದ್ದನ್ನು ಕೇರಿ ಅದುವರೆಗೆ ಕಂಡಿರಲಿಲ್ಲ. "ಹಲ್ಲಿರೋ ಪ್ರಾಣಿ. ಎಷ್ಟು ದಿನ ನಂಬೋದು?"

"ನನ್ನ ಬೆರಳೂ ಸಾಕ್ಷಿ," ಎಂದ ಹಯಾತಣ್ಣ. ಈ ಸಲ ಅವನೂ ನಗಿಸಲಿಲ್ಲ.

ಅವರ ಹೆದರಿಕೆ ಸುಳ್ಳಲ್ಲ. ನಾನು ಆ ಹಲ್ಲುಗಳನ್ನು ಹತ್ತಿರದಿಂದ ನೋಡಿದವಳು. ನರಿ ದೇವರಲ್ಲ, ನೆಂಟನೂ ಅಲ್ಲ. ಹಸಿವಿದ್ದಾಗ ಬಾಯಿ ಹಾಕುವ ಜೀವ. ನಮ್ಮ ಕಾಲು ಊಟವೆಂದು ಮಾತ್ರ ಅದು ತಾನಾಗಿ ಕಲಿತದ್ದಲ್ಲ. ಅವ್ವ ರೂಢಿಯಂತೆ ನನ್ನ ಬಾಯಿಗೆ ಕಿವಿ ತಂದಳು. ನಾನು ಅವಳ ಹೆಗಲನ್ನು ಮೆಲ್ಲಗೆ ಸರಿಸಿ ಎದ್ದು ನಿಂತೆ.

"ನಾಳೆ ಬೆಳಿಗ್ಗೆ ಎಲ್ಲರೂ ನಿಮ್ಮ ನಿಮ್ಮ ನರಿಮೆಟ್ಟು ತಗೊಂಡು ನಲ್ಲಿಕಟ್ಟೆಗೆ ಬನ್ನಿ," ಎಂದೆ. "ಅಲ್ಲೇ ತೊಳೀಬೇಕು. ಅವರವರದು ಅವರವರೇ. ಆಳಿನ ಕೈಗೆ ಕೊಡೋ ಹಂಗಿಲ್ಲ, ಹೆಂಡತಿ ಕೈಗೆ ಕೊಡೋ ಹಂಗಿಲ್ಲ."

ದನಿ ನಡುಗಲಿಲ್ಲ. ನನಗೇ ಆಶ್ಚರ್ಯವಾಯಿತು.

"ನನ್ ಮಗಳ ಕಾಲು ಹರಿದೈತೆ," ಎಂದ ಸ್ವಾಮಣ್ಣ ನಿಧಾನವಾಗಿ. "ನೀನು ಮೆಟ್ಟು ತೊಳೀರಿ ಅಂತೀಯ."

"ತೊಳೀಬೇಕಣ್ಣ."

"ಚರ್ಮದ ಮಾಲು, ನೀರು ಬಿದ್ರೆ ಸೆಟೆದೋಗ್ತದಲ್ಲಮ್ಮ," ಎಂದರು ಗುರುಶಾಂತಪ್ಪನವರು. ಹಿಂದಿನಿಂದ ಒಬ್ಬ ತನ್ನದು ಈಗಷ್ಟೇ ಪಾಲಿಶ್ ಆಗಿದೆ ಎಂದ. ಇನ್ನೊಬ್ಬನಿಗೆ ಸೊಂಟ ಬಗ್ಗುವುದಿಲ್ಲವಂತೆ.

"ಒಳಅಟ್ಟೆ ಬಿಚ್ಚಿ ತೊಳೀಬೇಕು," ಎಂದೆ.

ಒಬ್ಬೊಬ್ಬರೇ ತಲೆ ತಗ್ಗಿಸಿ ತಮ್ಮ ತಮ್ಮ ಪಾದ ನೋಡಿಕೊಂಡರು. ಪಕ್ಕದವರ ಪಾದವನ್ನು ಯಾರೂ ನೋಡಲಿಲ್ಲ. ಸ್ವಾಮಣ್ಣ ಒಬ್ಬನೇ ನನ್ನನ್ನು ದಿಟ್ಟಿಸುತ್ತಿದ್ದ. ಅವನ ಮನಸ್ಸು ಮಗುವಿನ ಕಾಲನ್ನು ಬಿಟ್ಟು ಅತ್ತಿತ್ತ ಹೋಗಿರಲಿಲ್ಲ.

"ತೊಳೆದಾದ ಮೇಲೂ ಒಂದು ನರಿ ಒಬ್ಬರ ಕಾಲಿಗೆ ಬಾಯಿ ಹಾಕಲಿ," ಎಂದೆ ಅವನಿಗೆ. "ನಿಮ್ಮ ಪೊಟ್ಟಣ ನಾನೇ ಬಿಚ್ಚುತೀನಿ."

"ಯಾಕೆ ಅಂತ..." ಎಂದು ಶುರುಮಾಡಿದವನನ್ನು ಹಯಾತಣ್ಣ ತಡೆದ. "ಒಂಟಿಮೆಟ್ಟನ್ನ ಯಾಕೆ ಅನ್ನೋ ಹಂಗಿಲ್ಲ ಸ್ವಾಮಿ. ನಡಿ, ಕೂಸು ನಿದ್ದೆಗೆ ಬಿದ್ದೈತೆ."

ಬೆಳಿಗ್ಗೆ ನಲ್ಲಿಕಟ್ಟೆಗೆ ನಾನು ಸೀಗೆಪುಡಿ, ಬೂದಿ, ಒಂದು ಹಾರೆ ತೆಗೆದುಕೊಂಡು ಹೋದೆ. ತೊಳೆದ ನೀರು ಚರಂಡಿಗೆ ಹೋಗದಂತೆ ಪಕ್ಕದಲ್ಲಿ ಗುಂಡಿ ತೆಗೆಸಿ ಸುಣ್ಣ ಹಾಕಿಸಿದೆ. ಜನ ಬಂದರು. ಬಟ್ಟೆಯಲ್ಲಿ ಸುತ್ತಿಕೊಂಡು ಬಂದವರಿದ್ದರು, ಪೇಪರಿನಲ್ಲಿ ಮುಚ್ಚಿಕೊಂಡು ಬಂದವರಿದ್ದರು. ಮೊದಲ ಅಟ್ಟೆ ಬಿಚ್ಚಿಕೊಂಡಾಗ ವಾಸನೆ ಎದ್ದಿತು. ಎರಡನೆಯದು, ಮೂರನೆಯದು ಬಿಚ್ಚಿಕೊಳ್ಳುವ ಹೊತ್ತಿಗೆ ನಲ್ಲಿಕಟ್ಟೆ ನಮ್ಮ ಅಂಗಡಿಯಾಗಿಹೋಯಿತು. ಯಾರೂ ಮೂಗು ಮುಚ್ಚಲಿಲ್ಲ. ಮುಚ್ಚಿದರೆ ಮಾತು ಬರುತ್ತದಲ್ಲ. ಗುರುಶಾಂತಪ್ಪನವರು ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತು, ನಾರಿನ ಬ್ರಷ್ಷಿನಲ್ಲಿ ಉಜ್ಜುತ್ತಿದ್ದರು.

"ಬೆಕ್ಕು ಸುಳಿದಾಡಿರಬೇಕು," ಎಂದ ಹಯಾತಣ್ಣ ತನ್ನ ಮೆಟ್ಟಿಗೇ ಹೇಳಿಕೊಳ್ಳುವಂತೆ.

"ಸುಮ್ನೆ ಉಜ್ಜೋ," ಎಂದರು ಗುರುಶಾಂತಪ್ಪನವರು.

ಅವ್ವ ನನ್ನ ಪಕ್ಕ ಬಂದು ನಿಂತಳು. "ನನ್ ಗಿರಾಕಿಗಳ್ನೆಲ್ಲ ತೊಳೆದುಬಿಟ್ಟೆಯಲ್ಲೇ," ಎಂದಳು. ಕೊರಗಿನ ದನಿಯಲ್ಲ ಅದು. ಮಗಳು ಪರೀಕ್ಷೆ ಪಾಸಾದವರ ದನಿ.

ವಾಸನೆ ಹಿಡಿದು ನರಿಗಳೂ ಬಂದವು. ಎದುರಿನ ಶಾಲೆಯ ಕಾಂಪೌಂಡಿನ ಮೇಲೆ ಸಾಲಾಗಿ ಕೂತು, ಮೂತಿ ಮುಂದೆ ಚಾಚಿ, ಬಿಚ್ಚಿದ ಅಟ್ಟೆಗಳ ಕಡೆಗೇ ನೋಡಿದವು. ಜನ ಅವುಗಳನ್ನು ನೋಡಿದರು, ತಮ್ಮ ಕೈಯಲ್ಲಿದ್ದುದನ್ನು ನೋಡಿದರು, ಮತ್ತಷ್ಟು ಜೋರಾಗಿ ಉಜ್ಜಿದರು. ಹೇಳಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ.

ಸ್ವಾಮಣ್ಣ ಕೊನೆಗೆ ಬಂದ. ಎಲ್ಲರ ಮುಂದೆ ಎರಡೆರಡು ಮೆಟ್ಟು, ಅವನ ಕೈಯಲ್ಲಿ ಒಂದು. ಮೂಲೆಯಲ್ಲಿ ಕೂತು, ಸ್ಕ್ರೂಡ್ರೈವರಿನ ತುದಿಯಿಂದ ಅಟ್ಟೆ ಎಬ್ಬಿಸಿದ. ಒಳಗಿನ ಪುಡಿ ಬೆವರಿಗೆ ಕಲಸಿ ರಾಗಿಸರಿಯಂತೆ ಮೆತ್ತಗಾಗಿತ್ತು. ಅದನ್ನು ನೋಡಿದ. ತಲೆಯೆತ್ತಿ ಕಾಂಪೌಂಡಿನ ಮೇಲಿನ ಸಾಲನ್ನು ನೋಡಿದ. ಅವನಿಗೆ ಅತಿ ಹತ್ತಿರದ ನರಿ ಅವನ ಮುಖವನ್ನಲ್ಲ, ಆ ಅಟ್ಟೆಯನ್ನೇ ನೋಡುತ್ತಿತ್ತು. ಅವನ ಕೈ ಅಲ್ಲೇ ನಿಂತುಹೋಯಿತು. ಎಲ್ಲಿ ಎದ್ದು ಹೋಗಿಬಿಡುತ್ತಾನೋ, ಎಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೋ ಎಂದು ನಾನು ಅವನ ಕಡೆಗೇ ನೋಡುತ್ತಿದ್ದೆ. ಸುತ್ತ ಇದ್ದವರು ತಲೆ ಎತ್ತಲಿಲ್ಲ. ಅವರ ಕೈಗಳಲ್ಲೂ ಅದೇ ಪುಡಿ ಮೆತ್ತಿಕೊಂಡಿತ್ತು. ರತ್ನಕ್ಕ ಚೊಂಬಿನಲ್ಲಿ ನೀರು ತಂದು, ಗಂಡನ ಪಕ್ಕದಲ್ಲಿ ಕೂತು, ಅವನ ಕೈಮೇಲೆ ಸುರಿದಳು.

"ಉಜ್ಜಿ," ಎಂದಳು. ಆ ಎರಡು ದಿನಗಳಲ್ಲಿ ನಾನು ಕೇಳಿದ ಅವಳ ಮೊದಲ ಮಾತು.

ಅವನು ಉಜ್ಜಿದ. ಬಹಳ ಹೊತ್ತು ಉಜ್ಜಿದ. ತೊಳೆದವರೆಲ್ಲ ನನಗೆ ತಂದು ತೋರಿಸಬೇಕೆಂದು ಹೇಳಿದ್ದೆ. ನಾನು ಮೂಸಿ ಸರಿ ಎಂದರೆ ಸರಿ. ಸ್ವಾಮಣ್ಣ ತನ್ನ ಒಂದು ಮೆಟ್ಟನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಂದ. ನಾನು ಮೂಸಿದೆ.

"ಇನ್ನೂ ಐತಾ?" ಎಂದ.

"ಒಂಚೂರು ಐತಣ್ಣ."

ಅವನು ಹೋಗಲಿಲ್ಲ. ದನಿ ತಗ್ಗಿಸಿ, "ನಿಂಗೆ ಮೊದ್ಲೇ ಗೊತ್ತಿತ್ತೇನವ್ವ?" ಎಂದ.

"ಗೊತ್ತಿತ್ತು."

"ನಿನ್ನೆ ಎಲ್ಲಾರ ಮುಂದೆ ಹಂಗಂತ ಯಾಕ್ ಹೇಳ್ಲಿಲ್ಲ?"

"ಜಾನಕಿ ನಿಮ್ಮ ತೊಡೆ ಮೇಲಿದ್ಲು," ಎಂದೆ.

ಅವನು ಜೇಬಿಗೆ ಕೈಹಾಕಿ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟ. ಅದನ್ನು ನಾನು ಸೆರಗಿನ ತುದಿಗೆ ಕಟ್ಟಿಕೊಂಡೆ. "ಇನ್ನೊಂದು ಸಲ ತೊಳ್ಕೊಂಡು ಬತ್ತೀನಿ," ಎಂದು ಅವನು ನಲ್ಲಿಯ ಕಡೆ ತಿರುಗಿದ. ಕಟ್ಟೆಯ ಮೇಲಿದ್ದವರು ಅತ್ತಿತ್ತ ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ಗುರುಶಾಂತಪ್ಪನವರು ತಮ್ಮ ಬ್ರಷ್ಷನ್ನು ನೀರಿನಲ್ಲಿ ಅದ್ದಿ, ತಲೆ ಎತ್ತದೆಯೇ ಅವನ ಮುಂದಕ್ಕೆ ಸರಿಸಿದರು.